ಆಸ್ಪತ್ರೆಯ ಏರು

"ನಕ್ಷೆಪ್ಪನವರೇ, ಇದೇನಿದು?" ಹರಡಿದ ಹಾಳೆಯ ಮೇಲೆ, ಆಸ್ಪತ್ರೆಯ ಏರಿನ ನಟ್ಟನಡುವೆ ಮುಖ್ಯಾಧಿಕಾರಿಯ ಬೆರಳು ನಿಂತುಬಿಟ್ಟಿತು. "ಇಲ್ಲಿ ಕಲ್ಲುಬೆಂಚು ಎಲ್ಲಿದೆ? ನಾನು ದಿನಾ ಜೀಪಿನಲ್ಲಿ ಇದೇ ದಾರೀಲಿ ಬರ್ತೀನಿ."

ಮುದಿ ನಕ್ಷೆಗಾರರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಅದು ಪುರಸಭೆಯ ಇಪ್ಪತ್ತು ವರ್ಷದ ಅಭಿವೃದ್ಧಿ ಯೋಜನೆಯ ಹಾಳೆ. ಈಗಾಗಲೇ ಇರುವುದಕ್ಕೆ ಕಪ್ಪು ಶಾಯಿ, ಮುಂದೆ ಆಗಬೇಕಾದುದಕ್ಕೆ ನೀಲಿ. ಮೂವತ್ತನಾಲ್ಕು ವರ್ಷ ಒಮ್ಮೆಯೂ ತಪ್ಪದ ಕೈ, ಇಲ್ಲದ ಬೆಂಚನ್ನು ಕಪ್ಪಿನಲ್ಲಿ ಬರೆದಿತ್ತು.

ಕಿಟಕಿಯ ಹೊರಗೆ ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದ ಜವಾನ ಕತ್ತು ಹೊರಳಿಸಿ ನಕ್ಕ. "ಬಿಡಿ ಮೇಡಂ, ದೇವರೂ ಒಂದೊಂದ್ಸಲ ತೂಕಡಿಸ್ತಾನೆ."

ತೂಕಡಿಸಿದ್ದು ನಿಜ. ನಿನ್ನೆ ಮಧ್ಯಾಹ್ನ ಕಿಟಕಿಯ ಬಿಸಿಲು ಹಾಳೆಯ ಮೇಲೆ ಬಿದ್ದಾಗ ಆ ನೀಲಿ ಊರು ಮೆಲ್ಲಗೆ ಎದ್ದು ಕುಳಿತಿತ್ತು. ನೀಲಿ ಕೆರೆಯಲ್ಲಿ ನೀರು ಅಲುಗಾಡುತ್ತಿತ್ತು. ಇನ್ನೂ ನೆಡದ ಸಾಲುಮರಗಳು ನೆರಳು ಚೆಲ್ಲಿದ್ದವು. ಆ ನೆರಳಿನಲ್ಲಿ ಅವರ ಹೆಂಡತಿ ಔಷಧಿಯ ಚೀಲ ಹಿಡಿದು ಏರು ಹತ್ತುತ್ತಿದ್ದಳು. ಅರ್ಧಕ್ಕೆ ಬಂದು, "ರೀ, ಸ್ವಲ್ಪ ತಾಳ್ರೀ" ಎಂದು ಎಂದಿನಂತೆ ನಿಂತಳು. ಅವಳು ದೇವರ ಪಾದ ಸೇರಿ ಹನ್ನೊಂದು ತಿಂಗಳಾಗಿತ್ತು. ಅಂಥವಳನ್ನು ನಿಲ್ಲಿಸಿಕೊಂಡು ಶಾಯಿ ಹುಡುಕುತ್ತ ಕೂರುವುದುಂಟೆ? ಕೈಗೆ ಸಿಕ್ಕ ಸೀಸೆಯಲ್ಲಿ ಲೇಖನಿ ಅದ್ದಿದ್ದರು.

"ಕೆರೆದು ನೀಲೀಲಿ ಹಾಕಿ ಅನ್ನೋಣ ಅಂದ್ರೆ, ಇದು ನಮ್ಮ ಗುರಿಗಳ ಪಟ್ಟೀಲೇ ಇಲ್ವಲ್ಲ!" ಎಂದರು ಮುಖ್ಯಾಧಿಕಾರಿ. "ನಾಲ್ಕಕ್ಕೆ ಸಭೆ ಬೇರೆ."

ನಕ್ಷೆಗಾರರು ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ಮುಂದಿಟ್ಟರು. ಊರು ಹೇಗಿರಬೇಕು, ಬರೆದು ಹಾಕಿ ಎಂದು ಹಿಂದಿನ ವರ್ಷ ಪುರಸಭೆ ಬೀದಿಬೀದಿಗೆ ಪೆಟ್ಟಿಗೆ ಇಟ್ಟಿತ್ತು. ಚೀಟಿಗಳನ್ನು ವಿಂಗಡಿಸುವಾಗ ಸಿಕ್ಕಿದ್ದು ಇದು. ಹೆಸರಿರಲಿಲ್ಲ. ಎಡಕ್ಕೆ ವಾಲಿದ ಆ ಅಕ್ಷರಗಳಿಗೆ ಹೆಸರೇಕೆ? ಹೆಂಡತಿ ಅದನ್ನು ಯಾವಾಗ ಹಾಕಿದ್ದಳೋ, ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ. "ಆಸ್ಪತ್ರೆಯ ಏರಿನ ನಡುವೆ ಕೂರಲು ಒಂದು ಕಲ್ಲು ಹಾಕಿಸಿ. ನೆರಳನ್ನು ದೇವರು ನೋಡಿಕೊಳ್ಳುತ್ತಾನೆ."

ಮುಖ್ಯಾಧಿಕಾರಿ ಎರಡು ಸಲ ಓದಿದರು. ಯಾರ ಕೈಬರಹವೆಂದು ಕೇಳಲಿಲ್ಲ. "ಒಂದೇ ಚೀಟಿ. ಹತ್ತು ಜನ ಕೇಳಿದ್ದನ್ನ ಮಾತ್ರ ಗುರಿ ಅಂತ ತಗೊಳ್ಳೋದು ಅಂತ ನಾವೇ ಅಲ್ವಾ ತೀರ್ಮಾನ ಮಾಡಿದ್ದು?"

"ಆ ಏರು ಹತ್ತಿದವರಿಗೆ ಬರೆಯೋಕೆ ಉಸಿರೆಲ್ಲಿ ಉಳಿದಿರುತ್ತಮ್ಮ?"

ಇಂದು ಒಪ್ಪಿಗೆಯಾದರೆ ಆ ಹಾಳೆಯನ್ನು ಇನ್ನು ಇಪ್ಪತ್ತು ವರ್ಷ ಯಾರೂ ತಿದ್ದುವಂತಿಲ್ಲ. ನಕ್ಷೆಗಾರರ ನೌಕರಿ ಉಳಿದಿದ್ದುದು ನಾಲ್ಕೇ ದಿನ. ಮುಖ್ಯಾಧಿಕಾರಿ ಗಡಿಯಾರ ನೋಡಿದರು. "ನಡೀರಿ, ಜಾಗ ನೋಡ್ಕೊಂಡೇ ಬರೋಣ. ಬಂದಮೇಲೆ ಕೆರೀಬೇಕು. ಬೇಜಾರು ಮಾಡ್ಕೋಬಾರ್ದು."

ಜೀಪು ನೀರಿನ ಟ್ಯಾಂಕಿನ ಕೆಲಸಕ್ಕೆ ಹೋಗಿತ್ತು. ನಡೆದೇ ಹೊರಟರು. ಏರಿನ ಬುಡದಲ್ಲಿ ಮುಖ್ಯಾಧಿಕಾರಿಯ ಮಾತು ಜೋರಾಗಿಯೇ ಇತ್ತು: ಎರಡು ಸಾವಿರ ಹೊಸ ನಲ್ಲಿ, ಹನ್ನೆರಡು ಕಿಲೋಮೀಟರು ಚರಂಡಿ. ಹಿಂದಿನಿಂದ ನಕ್ಷೆಗಾರರು ಹೆಜ್ಜೆಗೊಮ್ಮೆ ದೇವರನ್ನು ನೆನೆಯುತ್ತ ಬರುತ್ತಿದ್ದರು. ಬರುಬರುತ್ತ ನಲ್ಲಿ ನಿಂತಿತು, ಚರಂಡಿ ನಿಂತಿತು. ಅರ್ಧದಲ್ಲಿ "ಅಬ್ಬಾ!" ಎಂದು ಮುಖ್ಯಾಧಿಕಾರಿ ಪಕ್ಕದ ತಡೆಗೋಡೆಗೆ ಕೈಯೂರಿದರು.

ಊರಿದ ಕೈಯನ್ನು ಥಟ್ಟನೆ ತೆಗೆದು ಗೋಡೆ ನೋಡಿದರು. ಉದ್ದಕ್ಕೂ ತರಿತರಿಯಾಗಿದ್ದ ಗಾರೆ ಅಲ್ಲೊಂದೇ ಕಡೆ, ಒಂದು ಅಂಗೈಯ ಅಗಲ, ಸವೆದ ಹೊಸ್ತಿಲಿನ ಹಾಗೆ ನುಣ್ಣಗೆ ಕಪ್ಪಾಗಿ ಹೊಳೆಯುತ್ತಿತ್ತು. ನಕ್ಷೆಗಾರರೂ ಅದನ್ನು ಕಂಡದ್ದು ಆಗಲೇ. ಅಷ್ಟು ದಿನ ಅವರು ಅಲ್ಲಿ ನಿಂತು ನೋಡಿದ್ದು ಹೆಂಡತಿಯ ಮುಖವನ್ನು ಮಾತ್ರ.

"ನಕ್ಷೆಪ್ಪನವರೇ, ನೀವು ಎರಡು ಅಡಿ ಕೆಳಗೆ ಹಾಕಿದೀರಿ."

"ಸರಿಸ್ತೀನಮ್ಮ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾವ ಶಾಯೀಲಿ?"

ಅಷ್ಟರಲ್ಲಿ ಔಷಧಿಯ ಚೀಲ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು, ಯಾರ ಕಡೆಗೂ ನೋಡದೆ, ಆ ಜಾಗಕ್ಕೇ ಕೈ ಚಾಚಿದಳು. ಮುಖ್ಯಾಧಿಕಾರಿ ಸರಿದು ಜಾಗ ಬಿಟ್ಟರು. ಅವಳ ಉಸಿರು ಹದಕ್ಕೆ ಬರುವವರೆಗೂ ಕಾದು, ಮೆಲುದನಿಯಲ್ಲಿ ಹೇಳಿದರು:

"ಕಪ್ಪಿನಲ್ಲೇ ಇರಲಿ. ಸಭೆಗೆ ಇನ್ನೂ ಒಂದು ಗಂಟೆ ಇದೆ, ಅಷ್ಟರಲ್ಲಿ ಇಲ್ಲಿಗೊಂದು ಕಲ್ಲು ಬರಬೇಕು. ಹೋಗಿ, ನಮ್ಮ ಜವಾನನ್ನ ಚಪ್ಪಡಿ ಮೇಲಿಂದ ಎಬ್ಬಿಸಿ."