ಧ್ವನಿ ಹೋದ ಮೇಲೆ ಓದಿದ ವಾರ್ತೆ

ಈ ಕಥೆ ನಡೆಯುವುದು ಪಾಕಿಸ್ತಾನದ ಕರಾಚಿಯಲ್ಲಿ. ಊರು ಯಾವುದಾದರೇನು... ಒಂಟಿತನಕ್ಕೆ ಪಾಸ್‌ಪೋರ್ಟ್ ಬೇಕಾಗುವುದಿಲ್ಲ.

ರೈಹಾನಾ ಬೇಗಂ ಅಲ್ಲಿನ ಒಂದು ಟಿವಿ ಚಾನೆಲ್‌ನಲ್ಲಿ ಇಪ್ಪತ್ತಾರು ವರ್ಷ ಸಂಜೆಯ ವಾರ್ತೆ ಓದಿದವರು.

"ಅಸ್ಸಲಾಮು ಅಲೈಕುಮ್... ನಾನು ರೈಹಾನಾ ಬೇಗಂ. ಮೊದಲಿಗೆ ಮುಖ್ಯಾಂಶಗಳು..." ಎಂದು ಅವರು ಶುರು ಮಾಡಿದರೆ ಎಷ್ಟೋ ಮನೆಗಳಲ್ಲಿ ಚಹಾ ಒಲೆಯ ಮೇಲೇರುತ್ತಿತ್ತು.

ಅವರ ಮನೆಮಾತು ಗುಜರಾತಿ. ಉರ್ದುವಿನಲ್ಲಿ ಎಲ್ಲಿ ತಪ್ಪಿಬಿಡುತ್ತೇನೋ ಎಂಬ ಅಳುಕು. ಅದಕ್ಕೇ ಒಂದೊಂದು ಪದವನ್ನೂ ಬಾಯಿ ತುಂಬ ತೆರೆದು, ನಿಧಾನವಾಗಿ ಹೇಳುತ್ತಿದ್ದರು.

"ಬೇಗಂ ಸಾಹಿಬಾ, ಬಾಯಿ ಸ್ವಲ್ಪ ಕಡಿಮೆ ತೆರೀರಿ. ಕ್ಯಾಮೆರಾನೇ ನುಂಗಿಬಿಡ್ತೀರಿ" ಎಂದು ಪ್ರೊಡ್ಯೂಸರ್ ಗೇಲಿ ಮಾಡುತ್ತಿದ್ದರು.

ಮೇಕಪ್ ಮಾಡುವಾಕೆ ಮಾತ್ರ ದಿನಾ ಗಾಢ ಕೆಂಪು ಲಿಪ್‌ಸ್ಟಿಕ್ ಹಚ್ಚಿ ಕಳಿಸುತ್ತಿದ್ದಳು.

ಕಾಲ ಬದಲಾಯಿತು. ಉಸಿರು ಬಿಡದೆ ಓದುವ ಹೊಸ ಮುಖಗಳು ಬಂದವು... ರೈಹಾನಾ ಕೈಗೆ ಒಂದು ಹೂಗುಚ್ಛ, ಒಂದು ಶೀಲ್ಡ್ ಕೊಟ್ಟು ಬೀಳ್ಕೊಟ್ಟರು.

ಮಕ್ಕಳಿರಲಿಲ್ಲ. ಮರುವರ್ಷ ಗಂಡ ತೀರಿಕೊಂಡರು. ಅದಾದ ಮೇಲೆ ಗಂಟಲಲ್ಲಿ ಗಡ್ಡೆ ಕಾಣಿಸಿತು...

ಡಾಕ್ಟರು ಜೀವ ಉಳಿಸಿದರು. ಧ್ವನಿಪೆಟ್ಟಿಗೆ ಉಳಿಸಲು ಆಗಲಿಲ್ಲ. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು.

ಧ್ವನಿಯನ್ನೇ ನಂಬಿ ಬದುಕಿದವರಿಗೆ ಇಂಥ ಶಿಕ್ಷೆ ಬರಬಾರದು ಕಣ್ರೀ... ಆದರೆ ಬಂತು.

ಮೊದಮೊದಲು ಫೋನ್ ಬರುತ್ತಿತ್ತು. ಈ ಕಡೆಯಿಂದ ಏನೂ ಕೇಳಿಸದಿದ್ದರೆ ಯಾರು ತಾನೇ ಎಷ್ಟು ಹೊತ್ತು ಮಾತಾಡುತ್ತಾರೆ? ಕ್ರಮೇಣ ನಿಂತುಹೋಯಿತು.

ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಲು ನೋಡಿದರು. ತರಕಾರಿಯವನು ಅದನ್ನು ಓದುವಷ್ಟರಲ್ಲಿ ಹಿಂದೆ ನಿಂತವರು ಮುಂದೆ ಬಂದಿರುತ್ತಿದ್ದರು.

ಎರಡು ವರ್ಷ ಹೀಗೇ ಕಳೆಯಿತು. ಕೊನೆಕೊನೆಗೆ ತುಟಿ ಅಲ್ಲಾಡಿಸುವುದನ್ನೂ ಬಿಟ್ಟರು. ಹೊರಗೆ ಹೊರಟರೆ ದುಪಟ್ಟಾ ಮೂಗಿನವರೆಗೆ ಏರುತ್ತಿತ್ತು.

ಒಂದು ಬೆಳಿಗ್ಗೆ ಅವರು ಮಾರ್ಕೆಟ್ಟಿನ ಟೈಲರ್ ಅಂಗಡಿಗೆ ಹೋದರು. ಕುತ್ತಿಗೆಯ ತೂತು ಕಾಣದ ಹಾಗೆ ಎತ್ತರದ ಕಾಲರ್ ಇಟ್ಟು ಕಮೀಜ್ ಹೊಲಿಸಬೇಕಿತ್ತು.

ಅಂಗಡಿಯಾಕೆ ನೋಟ್‌ಬುಕ್ಕನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಬಾಯಲ್ಲೇ ಹೇಳಿ ಆಪಾ, ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ."

ರೈಹಾನಾ ಗಂಟಲು ತೋರಿಸಿದರು.

"ಓ, ಗಂಟಲು ನೋವಾ? ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡೀರಿ."

ನಗು ಬರಬೇಕಿತ್ತು... ಅಳು ಬಂತು. ದುಪಟ್ಟಾ ಕೆಳಗೆಳೆದು ಕಣ್ಣೊರೆಸಿಕೊಂಡರು. ಎಷ್ಟೋ ದಿನದ ಮೇಲೆ ತುಟಿ ತಾನಾಗಿಯೇ ಆಡಿತು.

ಸದ್ದಿಲ್ಲ... ಬರೀ ತುಟಿ. "ಬಿಡಿ. ನನ್ನ ಮಾತು ಇನ್ನು ಯಾರಿಗೂ ತಿಳಿಯಲ್ಲ."

ತಿರುಗಿ ಮೆಟ್ಟಿಲಿಗೆ ಕಾಲಿಟ್ಟರು.

"ನನಗೆ ತಿಳೀತು ಆಪಾ."

ಹೊಲಿಗೆ ಮಷಿನ್ ಹತ್ತಿರ ಕೂತಿದ್ದ ಹೆಂಗಸೊಬ್ಬಳು ಎದ್ದು ನಿಂತಿದ್ದಳು. ಮೂವತ್ತೈದರ ಆಸುಪಾಸು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ.

"ಅವಳು ಜರೀನಾ," ಎಂದಳು ಅಂಗಡಿಯಾಕೆ. "ಹುಟ್ಟಿದಾಗಿಂದ ಕಿವಿ ಕೇಳಲ್ಲ. ತುಟಿ ನೋಡಿ ಮಾತು ತಿಳ್ಕೋತಾಳೆ. ನಾನು ಹೇಳಿದ್ದೇ ಅರ್ಧ ತಿಳಿಯಲ್ಲ ಅಂತಾಳೆ... ನಿಮ್ಮದು ಹೇಗೆ ತಿಳೀತೋ ಕಾಣೆ."

ಜರೀನಾ ಹತ್ತಿರ ಬಂದಳು. ರೈಹಾನಾರ ಕಣ್ಣನ್ನಲ್ಲ, ತುಟಿಯನ್ನೇ ನೋಡಿದಳು.

"ನೀವು ಸಂಜೆ ವಾರ್ತೆ ಓದ್ತಿದ್ದೋರು ಅಲ್ವಾ? ಚಿಕ್ಕವಳಿದ್ದಾಗ ಅಬ್ಬಾ ನನ್ನನ್ನ ದಿನಾ ಟಿವಿ ಮುಂದೆ ಕೂರಿಸ್ತಿದ್ರು. ನೀವು ಹೇಳಿದ್ದನ್ನ ಸ್ಲೇಟ್ ಮೇಲೆ ಬರೀತಿದ್ರು. ನಾನು ನಿಮ್ಮ ತುಟಿ ನೋಡೋದು, ಸ್ಲೇಟ್ ನೋಡೋದು... ಹೀಗೇ ಹತ್ತು ವರ್ಷ."

ಜರೀನಾ ಮುಂದುವರಿಸಿದಳು. "ಬೇರೆಯವರ ಬಾಯಲ್ಲಿ ಮಾತು ಓಡಿಹೋಗ್ತಿತ್ತು ಆಪಾ. ನಿಮ್ಮ ಬಾಯಲ್ಲಿ ನನಗೋಸ್ಕರ ನಿಂತಿರ್ತಿತ್ತು."

ರೈಹಾನಾ ಗಂಟಲಿನ ಮೇಲೆ ಕೈಯಿಟ್ಟು, ತುಟಿಯಲ್ಲೇ ಹೇಳಿದರು... "ಈಗ ಧ್ವನಿ ಇಲ್ಲಮ್ಮ. ಹೋಯಿತು."

ಜರೀನಾ ತಲೆಯಾಡಿಸಿದಳು. "ನಿಮ್ಮ ಧ್ವನಿ ಹೇಗಿತ್ತು ಅಂತ ನನಗೆ ಆಗಲೂ ಗೊತ್ತಿರಲಿಲ್ಲ. ನನ್ನ ಪಾಲಿಗೆ ನೀವು ಆಗ ಹೇಗಿದ್ರೋ ಈಗಲೂ ಹಾಗೇ ಇದೀರಿ."

ರೈಹಾನಾ ಅಲ್ಲೇ ಸ್ಟೂಲಿನ ಮೇಲೆ ಕೂತರು. ಮನಸಾರೆ ಅತ್ತರು. ಪಾಪ, ಆ ಅಳುವಿಗೂ ಸದ್ದಿರಲಿಲ್ಲ...

ಜರೀನಾ ಅವರ ಕುತ್ತಿಗೆಯ ಅಳತೆ ತೆಗೆದುಕೊಂಡಳು. ಹಳೇ ನ್ಯೂಸ್‌ಪೇಪರನ್ನು ಕಾಲರಿನ ಆಕಾರಕ್ಕೆ ಕತ್ತರಿಸಿದಳು. ಆಮೇಲೆ ಆ ಕಾಗದದ ತುಂಡನ್ನೇ ಅವರ ಕೈಗೆ ಕೊಟ್ಟಳು.

"ಓದಿ ಆಪಾ... ಮೊದಲಿನ ಹಾಗೆ."

ರೈಹಾನಾ ಬೆನ್ನು ನೇರ ಮಾಡಿ ಕೂತರು. ದುಪಟ್ಟಾ ಹೆಗಲಿಗೆ ಸರಿಸಿದರು. ಬಾಯಿ ತುಂಬ ತೆರೆದು ಶುರು ಮಾಡಿದರು...

"ಅಸ್ಸಲಾಮು ಅಲೈಕುಮ್... ನಾನು ರೈಹಾನಾ ಬೇಗಂ. ಬಂದರಿನ ರಸ್ತೆಯ ದುರಸ್ತಿ ಮುಂದಿನ ವಾರ..."

ಅಲ್ಲಿಗೆ ಕಾಗದ ಮುಗಿಯಿತು.

"ಮುಂದೆ?" ಎಂದಳು ಜರೀನಾ.

"ಉಳಿದದ್ದು ನಿನ್ನ ಕತ್ತರಿಗೆ ಹೋಯಿತು."

ಇಬ್ಬರೂ ನಕ್ಕರು. ಅಂಗಡಿಯಾಕೆ ಏನೊಂದೂ ತಿಳಿಯದೆ ಇಬ್ಬರ ಮುಖ ನೋಡುತ್ತಾ ನಿಂತಿದ್ದಳು.

"ಗುರುವಾರ ಕಮೀಜ್ ರೆಡಿ ಇರುತ್ತೆ," ಎಂದಳು ಜರೀನಾ. "ಬರುವಾಗ ಪೇಪರ್ ತನ್ನಿ. ಪೂರ್ತಿ ಇರೋದು ತನ್ನಿ."

ರೈಹಾನಾ ಮನೆಗೆ ಬಂದರು. ಅದೇ ಬೀಗ... ಅದೇ ಖಾಲಿ ಮನೆ. ಬಂದಿರಾ ಎಂದು ಕೇಳುವವರು ಅವತ್ತೂ ಇರಲಿಲ್ಲ.

ಆದರೆ ಬರುವ ದಾರಿಯಲ್ಲಿ ಅವರು ಒಂದು ಫ್ಯಾನ್ಸಿ ಸ್ಟೋರ್ ಮುಂದೆ ನಿಂತಿದ್ದರು. ಕೈಯಲ್ಲಿ ಒಂದು ಚಿಕ್ಕ ಪೊಟ್ಟಣವಿತ್ತು.

ಬಿಚ್ಚಿ ಕನ್ನಡಿಯ ಮುಂದೆ ಇಟ್ಟರು... ಗಾಢ ಕೆಂಪು ಲಿಪ್‌ಸ್ಟಿಕ್.

ಗುರುವಾರಕ್ಕೆ ಇನ್ನೂ ಮೂರು ದಿನ ಇತ್ತು.

ನಮ್ಮ ಕೆಲಸ ಯಾರ ಬದುಕಿನಲ್ಲಿ ಹೋಗಿ ಬೇರೂರಿದೆ ಎಂದು ಎಷ್ಟೋ ಸಲ ನಮಗೇ ಗೊತ್ತಿರುವುದಿಲ್ಲ... ಗೊತ್ತಿರುವವರು ಬಂದು ಹೇಳಬೇಕು.

ನಿಮಗೂ ಹೀಗೆ ಏನನ್ನೋ ಕಲಿಸಿ, ಈಗ ಎಲ್ಲೋ ಸುಮ್ಮನೆ ಕೂತಿರುವವರು ಯಾರಾದರೂ ಇದ್ದಾರಾ... ಅವರಿಗೆ ಹೇಳಿದ್ದೀರಾ?