ಎರಡನೇ ದನಿ

"ಪರೀಕ್ಷೆ ಎಲ್ಲಾ ಹಸಿರು ತೋರಸಾಕತ್ತದ. ಮತ್ತ ಕಮಲಾಪುರದವರ ಎರಡನೇ ದನಿ ಎಲ್ಲಿ ಹೋತು?" ಕಾರು ಮಹಾಗಾಂವ ದಾಟುವಾಗ ಸೃಷ್ಟಿ ಮೇಡಂ ಮತ್ತೆ ಕೇಳಿದರು. "ನೀ ಈ ಕಡಿ ಬಂದೀಯೇನು?"

"ಇಲ್ರಿ. ನಾ ಸ್ಟೇಶನ್ ಬಜಾರದಾಗ ಇರೋದು," ಎಂದ ವಿಶ್ವಾಸ, ತೊಗರಿ ಹೊಲ ನೋಡುತ್ತ.

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮೇಡಂ ಅವರ ಪುಟ್ಟ ಕಂಪನಿ. ಬೇರೆ ಬೇರೆಯಾಗಿ ಹಾಡಿದ್ದನ್ನು ಬ್ರೌಸರ್‌ನಲ್ಲೇ ಬೆರೆಸಿಕೊಡುವ ಆ್ಯಪ್ ಅವರದು. ಬೆರಕೆ ಸರಿಯಿದೆಯೇ ಎಂದು ದಿನಾ ತಾನಾಗಿಯೇ ನೋಡುವ ಪರೀಕ್ಷೆ ಬರೆದವನು ವಿಶ್ವಾಸ. ಅದು ಎರಡು ದನಿ ಬೆರೆಸಿ, ಮೊದಲೇ ಇಟ್ಟ ಮಾದರಿಯ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು.

ಮೋಸ ಆ ಮಾದರಿಯಲ್ಲೇ ಇತ್ತು. ಎರಡನೇ ದನಿ ಒಬ್ಬ ಹಳ್ಳಿ ಹೆಂಗಸಿನದು. ಮೊದಲ ದಿನ ಕೇಳಿದ ಆಫೀಸಿನವರು ಬಿದ್ದು ಬಿದ್ದು ನಕ್ಕಿದ್ದರು. "ಯಾರದೋ, ನನಗೇನು ಗೊತ್ತು," ಎಂದು ವಿಶ್ವಾಸ ಆ ದನಿಯ ಸದ್ದನ್ನು ಸೊನ್ನೆಗೆ ಇಳಿಸಿ, ಉಳಿದದ್ದನ್ನೇ ಮಾದರಿ ಮಾಡಿಬಿಟ್ಟ. ಅಂದಿನಿಂದ ಆ್ಯಪ್‌ನಲ್ಲಿ ಎರಡನೇ ದನಿ ಸತ್ತರೂ ಪರೀಕ್ಷೆಗೆ ಸುಳಿವಿಲ್ಲ. ಈಗ ನಿಜಕ್ಕೂ ಸತ್ತಿತ್ತು. ಪರೀಕ್ಷೆಯಾದ ಮೇಲೆ ಜೊತೆ ಕೆಲಸ ಮಾಡುವ ಮಹಾದೇವ ಕೋಡ್‌ನಲ್ಲಿ ಕದ್ದು ಕೈಯಾಡಿಸಿದ್ದಾನೆ ಎಂದೇ ಮೇಡಂ ನಂಬಿದ್ದರು. ನಾಳೆ ಅವನ ನೌಕರಿ ಹೋಗುತ್ತಿತ್ತು. ಅದು ಗೊತ್ತಿದ್ದೂ ವಿಶ್ವಾಸ ನಿಜ ಮುಚ್ಚಿಟ್ಟಿದ್ದ.

ಕಮಲಾಪುರ ಮುಟ್ಟಿದಾಗ ದೂರು ಕೊಟ್ಟ ಹಾಡಿನ ಸಂಘದವರೆಲ್ಲ ಕೂಲಿಗೆ ಹೋಗಿದ್ದರು. ಎರಡನೇ ದನಿಯ ರಮಾಬಾಯಿ ಒಬ್ಬರೇ ಮನೆಯಲ್ಲಿದ್ದರು. ಬಾಗಿಲು ಗಿಡ್ಡ, ಮೇಡಂ ಹಣೆ ಬಡಿಸಿಕೊಂಡರು. ವಿಶ್ವಾಸ ಬಗ್ಗಿ ಒಳಬಂದ. ರಮಾಬಾಯಿ ಅವನ ಮುಖ ನೋಡಿದರು. ಅವನು ನೆಲ ನೋಡಿದ.

"ಕೂಡ್ರಿ ಸಾಹೇಬ್ರ," ಎಂದರು ಆಕೆ. ಮೇಡಂಗೆ ಹಾಲಿನ ಚಹಾ, ಅವನಿಗೆ ಕರಿ ಚಹಾ ತಂದಿಟ್ಟರು.

"ನಮ್ಮಂಥವರ ದನಿ ಛಂದ ಇರಂಗಿಲ್ಲಂತ ತಗದೀರೇನ್ರಿ?"

"ಹಂಗಲ್ರಿ ಬಾಯಿ. ಒಂದು ನುಡಿ ಹಾಡ್ರಿ, ನೋಡೂಣು," ಎಂದು ಮೇಡಂ ಲ್ಯಾಪ್‌ಟಾಪ್ ತೆರೆದರು.

ರಮಾಬಾಯಿ ಹಾಡಿದರು. ಒಂದು ಸಾಲು ಮುಗಿಯುವಷ್ಟರಲ್ಲಿ ಮೇಡಂ ಹುಬ್ಬು ಗಂಟಿಕ್ಕಿದರು. ಎಲ್ಲೋ ಕೇಳಿದ ದನಿ ಎನ್ನಿಸಿ ಪರೀಕ್ಷೆಯ ಕಡತ ತೆರೆದು, ಸೊನ್ನೆಯಲ್ಲಿದ್ದ ಎರಡನೇ ದನಿಯನ್ನು ಏರಿಸಿದರು. ಅದೇ ಗಂಟಲು, ಅದೇ ಎಳೆತ.

"ವಿಶ್ವಾಸ, ಇದನ್ನ ಸೊನ್ನೆ ಮಾಡಿದವರು ಯಾರು? ಈ ಬಾಯಿ ದನಿ ನಿನಗೆಲ್ಲಿ ಸಿಕ್ತು?"

ರಮಾಬಾಯಿ ಅವಸರದಿಂದ ನಡುವೆ ಬಾಯಿ ಹಾಕಿದರು. "ಅವರಿಗೇನೂ ಅನಬ್ಯಾಡ್ರಿ. ಈ ಸಾಹೇಬರನ್ನ ನಾ ಇವತ್ತೇ ನೋಡಾಕತ್ತೀನಿ."

ವಿಶ್ವಾಸ ಲೋಟ ಕೆಳಗಿಟ್ಟ.

"ಸೊನ್ನೆ ಮಾಡಿದಾವ ನಾನ್ರಿ ಮೇಡಂ, ಮಹಾದೇವಂದು ತಪ್ಪಿಲ್ಲ. ಇಕಿ ಸುಳ್ಳು ಹೇಳಾಕತ್ತಾಳ. ನಮ್ಮವ್ವ ಇಕಿ."