ತೊಟ್ಟಿಲಿಗೆ ಬರೆದದ್ದು, ಕೂಸಿಗೆ ಕಟ್ಟಿದ್ದು

ಹುಬ್ಬಳ್ಳಿಯ ಒಂದು ಹೆರಿಗೆ ವಾರ್ಡ್... ಬೆಳಗಿನಿಂದ ಒಬ್ಬ ಇಂಜಿನಿಯರ್ ಕೂತಲ್ಲಿ ಕೂರಲಾರದೆ ಓಡಾಡುತ್ತಿದ್ದ.

ಹೆಸರು ರಿಯಾಜ್ ನದಾಫ್. ನಾಡಿ ನೋಡುವ ಹೊಸ ಮಷಿನ್‌ಗೆ ಕರ್ನಲ್ ಡ್ರೈವರ್ ಬರೆದವನು... ಅಂದರೆ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಮಷಿನ್ ಜೊತೆ ಮಾತಾಡುವ ಪ್ರೋಗ್ರಾಂ.

ಮಷಿನ್ ಒಂದು, ಸ್ಕ್ರೀನ್ ಎರಡು. ತಾಯಿಗೊಂದು, ಕೂಸಿಗೊಂದು. ನಾಡಿ ಮಿತಿಗಿಂತ ಇಳಿದರೆ ಅಲಾರಂ ಹೊಡೆಯಬೇಕು. ತಾಯಿಯ ಮಿತಿ ಕಡಿಮೆ, ಕೂಸಿನ ಮಿತಿ ಹೆಚ್ಚು.

ಹಿಂದಿನ ದಿನ ಒಂದು ಕೂಸಿನ ನಾಡಿ ಇಳಿಯಿತು... ಅಲಾರಂ ಹೊಡೆಯಲಿಲ್ಲ.

ತುಟಿ ನೀಲಿಯಾದದ್ದು ಕಂಡು ಕೂಗಿದವಳು ಆಯಾ ಶಾರವ್ವ. ಕೂಸು ಉಳಿಯಿತು.

"ಇವತ್ತ ನಾಲ್ಕು ಗಂಟೆಯೊಳಗ ತಪ್ಪು ಸಿಗಲಿಲ್ಲಂದ್ರ ನಿಮ್ಮ ಮಷಿನ್ ತಗೊಂಡು ಹೋಗ್ರಿ" ಅಂದಿದ್ದರು ಡಾಕ್ಟರ್.

ವೈರ್ ನೋಡಿದ. ಸೆನ್ಸರ್ ಬದಲಿಸಿದ. ಆಫೀಸಿನಲ್ಲಿ ಒಮ್ಮೆಯೂ ತಪ್ಪದ್ದು ಇಲ್ಲಿ ಯಾಕೆ ತಪ್ಪಿತು?

ಮೂರು ಗಂಟೆಯಾಯಿತು... ಎದುರಿಗೆ ಶಾರವ್ವ ಆಗಷ್ಟೇ ಹುಟ್ಟಿದ ಕೂಸಿನ ಕೈಗೆ ಹೆಸರಿನ ಪಟ್ಟಿ ಕಟ್ಟುತ್ತಿದ್ದಳು.

"ತೊಟ್ಟಿಲಿಗೇ ಹೆಸರು ಅಂಟಿಸಿದ್ರ ಆತಲ್ಲಬೇ?" ಅಂದ ಸಿಡುಕಿನಲ್ಲಿ.

"ಓದಿದವ್ರು ಹಿಂಗ ಕೇಳ್ತೀರಲ್ರಿ ಸಾಹೇಬ್ರ... ಗದ್ದಲ ಇದ್ದಾಗ ಒಂದ ತೊಟ್ಟಿಲಾಗ ಎರಡು ಕೂಸು ಮಲಗಸ್ತೀವಿ. ತೊಟ್ಟಿಲಿನ ಗಾಲಿ ಮುರದಿದ್ರ ಅದನ್ನ ತೊಟ್ಟಿಲಿಗೆ ಬರೀತೀವಿ. ಕೂಸಿನ ಸುದ್ದಿ ಕೂಸಿನ ಕೈಗೇ ಕಟ್ಟಬೇಕ್ರಿ."

ರಿಯಾಜ್ ನಿಂತಲ್ಲೇ ನಿಂತ...

ಕರ್ನಲ್‌ನಲ್ಲೂ ಮಾಹಿತಿ ಇಡುವ, ಒಂದಕ್ಕೊಂದು ನಂಟಿರುವ ಎರಡು ಸ್ಟ್ರಕ್ಚರ್ ಇವೆ. ಇಡೀ ಮಷಿನ್‌ಗೆ ಒಂದೇ ಇರುವುದು ಇನೋಡ್. ಯಾರಾದರೂ ಅದನ್ನು ತೆರೆದಾಗಲೆಲ್ಲ ಹೊಸದಾಗಿ ಹುಟ್ಟುವುದು ಫೈಲ್... ಇಲ್ಲಿ ಒಂದೊಂದು ಸ್ಕ್ರೀನಿಗೆ ಒಂದೊಂದು.

ಎಲ್ಲಿಟ್ಟರೂ ನಡೆದೀತು ಅಂತ ಅವನು ಮಿತಿಯನ್ನು ಇನೋಡ್‌ಗೆ ಕಟ್ಟಿದ್ದ. ಆಫೀಸಿನಲ್ಲಿ ಒಂದೇ ಸ್ಕ್ರೀನ್... ನಡೆದಿತ್ತು. ಇಲ್ಲಿ ತಾಯಿಯ ಮಿತಿ ಒತ್ತಿದೊಡನೆ ಕೂಸಿನದು ಅಳಿಸಿಹೋಗಿತ್ತು.

ಕೂಸಿನ ಸುದ್ದಿಯನ್ನು ತೊಟ್ಟಿಲಿಗೆ ಬರೆದಿದ್ದ.

ಆಗಲೇ ಇನ್ನೊಂದು ನೆನಪಾಯಿತು... ಮಷಿನ್ ಇಟ್ಟ ದಿನವೇ ಶಾರವ್ವ ಹೇಳಿದ್ದಳು: "ಸಾಹೇಬ್ರ, ತಾಯಿದು ನಂಬರ್ ಒತ್ತಿದ್ರ ಕೂಸಿಂದೂ ಬದಲಾಗ್ತೈತಲ್ರಿ."

"ನೀ ನೆಲ ಒರಸವ್ವ, ಮಷಿನ್ ನಾ ನೋಡ್ತೀನಿ" ಅಂದಿದ್ದ ಅವನು.

ಲ್ಯಾಪ್‌ಟಾಪ್ ತೆಗೆದು ಮಿತಿಯನ್ನು ಫೈಲ್‌ಗೆ ಸರಿಸಿದ. ಕೂಸಿನ ನಾಡಿ ಇಳಿದಂತೆ ಮಾಡಿ ಪರೀಕ್ಷಿಸಿದ... ಕೂಸಿನ ಅಲಾರಂ ಹೊಡೆಯಿತು. ತಾಯಿಯದು ಸುಮ್ಮನಿತ್ತು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಕರ್ನಲ್ ಬರೆಯುವವರಲ್ಲಿ ಒಂದು ಪದ್ಧತಿಯಿದೆ. ತಿದ್ದುಪಡಿಯ ಕೆಳಗೆ, ತಪ್ಪು ತೋರಿಸಿದವರ ಹೆಸರು ಬರೆಯುತ್ತಾರೆ.

ರಿಯಾಜ್ ಆ ಸಾಲು ಬರೆದು, ಲ್ಯಾಪ್‌ಟಾಪನ್ನು ಶಾರವ್ವನ ಕಡೆ ತಿರುಗಿಸಿ ಓದಿ ಹೇಳಿದ: "ತಪ್ಪು ತೋರಿಸಿದವರು: ಶಾರವ್ವ... ತಪ್ಪು ನಂದಬೇ. ಅವತ್ತ ನಿನ್ನ ಮಾತು ಕೇಳಬೇಕಾಗಿತ್ತು."

ಶಾರವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಸಾಲನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು...

"ಇಪ್ಪತ್ತಾರು ವರ್ಷ ಆತ್ರಿ, ಎಲ್ಲಾರ ಕೂಸಿಗೂ ಹೆಸರು ಕಟ್ಟೇನಿ. ನನ್ನ ಹೆಸರು ಯಾರೂ ಎಲ್ಲೂ ಕಟ್ಟಿರಲಿಲ್ಲ ನೋಡ್ರಿ."

*

ಯಾವುದನ್ನು ಎಲ್ಲಿ ಬರೆಯಬೇಕೆಂದು ಕಲಿತವರು, ಯಾರ ಹೆಸರನ್ನು ಎಲ್ಲಿ ಬರೆಯಬೇಕೆಂದೂ ಕಲಿಯಬೇಕು.

ನಿಮ್ಮ ತಪ್ಪನ್ನು ಎಲ್ಲರಿಗಿಂತ ಮೊದಲು ಕಂಡವರಿಗೆ, "ನೀ ನಿನ್ನ ಕೆಲಸ ನೋಡು" ಅಂದಿದ್ದು ನಿಮಗೆ ನೆನಪಿದೆಯೇ?